ಶರಾವತಿಯ ಅಗಲ ಎಷ್ಟು? ಹತ್ತನೇ ತರಗತಿ ಮಕ್ಕಳ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಬರುವ ಶನಿವಾರ ಬೆಳಿಗ್ಗೆ ಹತ್ತನೇ ತರಗತಿಯ ಮಕ್ಕಳನ್ನು ಶರಾವತಿ ದಡಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಅಂದಿನ ಗಣಿತದ ಪಾಠ ಅಲ್ಲೇ. ನೀರಿಗಿಳಿಯದೆ, ದೋಣಿ ಹತ್ತದೆ, ಈಚೆ ದಡದಲ್ಲೇ ನಿಂತು ಹೊಳೆಯ ಅಗಲವನ್ನು ಮಕ್ಕಳು ಕಂಡುಹಿಡಿಯಬೇಕು. ಇದಕ್ಕೆ ನಿಮ್ಮ ಒಪ್ಪಿಗೆ ಬೇಕು, ಸ್ವಲ್ಪ ಸಹಾಯವೂ ಬೇಕು.

ಲಂಬಕೋನ ತ್ರಿಕೋನದ ಕೋನಕ್ಕೂ ಬಾಹುಗಳಿಗೂ ಇರುವ ಸಂಬಂಧ ಹೇಳುವ ಸೈನ್, ಕಾಸ್, ಟ್ಯಾನ್ ಎಲ್ಲವನ್ನೂ ನಮ್ಮ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಪುಸ್ತಕದ ಲೆಕ್ಕ ಬಿಡಿಸುತ್ತಾರೆ, ಅಂಕವೂ ಬರುತ್ತದೆ. ಆದರೆ ಅಲ್ಲಿ ಕೋನವನ್ನು ಬೇರೆ ಯಾರೋ ಅಳೆದು ಕೊಟ್ಟಿರುತ್ತಾರೆ. ಅಳೆಯುವವರು ತಾವೇ ಆದಾಗ ಒಂದು ಡಿಗ್ರಿ ತಪ್ಪಿದರೆ ಏನಾಗುತ್ತದೆ ಅನ್ನುವುದು ಅವರಿಗೆ ಗೊತ್ತಾಗಬೇಕು. ಈ ಪಾಠದಲ್ಲಿ ನನಗೆ ಮುಖ್ಯ ಅನ್ನಿಸುವುದು ಅದೇ.

ಮೊದಲು ಕಣ್ಣಂದಾಜು. ಪ್ರತಿಯೊಬ್ಬರೂ ತಮಗೆ ತೋಚಿದ್ದನ್ನು ಬರೆದಿಡುತ್ತಾರೆ. ನೀರಿನ ಆಚೆ ಇರುವುದು ನಮಗೆ ಹತ್ತಿರವೇ ಇದ್ದ ಹಾಗೆ ಕಾಣುತ್ತದೆ. ರಸ್ತೆಯಲ್ಲಾದರೆ ನಡುವೆ ಕಂಬ, ಮರ, ಮನೆ ಇರುತ್ತವೆ, ಅವನ್ನು ನೋಡಿ ದೂರ ಊಹಿಸುತ್ತೇವೆ. ಹೊಳೆಯ ಮೇಲೆ ಅಂಥದ್ದೇನೂ ಇಲ್ಲ. ಈಜಿ ಆಚೆ ದಡ ಮುಟ್ಟಬಹುದು ಅಂತ ಹುಡುಗರಿಗೆ ಅನ್ನಿಸಲು ಇದೂ ಒಂದು ಕಾರಣ. ಹೊನ್ನಾವರದಲ್ಲಿ ಇದೇ ಹೊಳೆಯ ಮೇಲಿರುವ ರೈಲು ಸೇತುವೆ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, 2 ಕಿಲೋಮೀಟರಿಗೂ ಜಾಸ್ತಿ. ಇಷ್ಟು ದೊಡ್ಡ ಹೊಳೆಯನ್ನು ಮಕ್ಕಳು ಅಳೆದೇ ತಿಳಿದುಕೊಳ್ಳಲಿ. (ಸೇತುವೆಯ ಉದ್ದವೇ ಹೊಳೆಯ ಅಗಲ ಅಂತ ಯಾರೂ ಬರೆಯುವ ಹಾಗಿಲ್ಲ. ಸೇತುವೆ ನೆಲದ ಮೇಲೇ ಶುರುವಾಗುತ್ತದೆ ಅಲ್ವಾ?)

ಆಮೇಲೆ ಹೆಬ್ಬೆರಳು. ಕೈ ನೇರ ಮುಂದೆ ಚಾಚಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ಆಚೆ ದಡದ ಒಂದು ತೆಂಗಿನ ಮರಕ್ಕೆ ಗುರಿ ಹಿಡಿಯಬೇಕು. ಕೈ ಅಲುಗಿಸದೆ ಕಣ್ಣು ಬದಲಿಸಿದರೆ ಬೆರಳು ಪಕ್ಕಕ್ಕೆ ಹಾರಿದಂತೆ ಕಾಣುತ್ತದೆ. ಆಚೆ ದಡದಲ್ಲಿ ಅದು ಹಾರಿದ ದೂರವನ್ನು ಹತ್ತರಿಂದ ಗುಣಿಸಿದರೆ ಮರ ಎಷ್ಟು ದೂರ ಅನ್ನುವುದು ಅಂದಾಜಿಗೆ ಸಿಗುತ್ತದೆ. ನಮ್ಮ ತೋಳು ಎರಡು ಕಣ್ಣುಗಳ ನಡುವಿನ ಅಂತರದ ಸುಮಾರು ಹತ್ತು ಪಟ್ಟು ಇರುವುದರಿಂದ ಹೀಗೆ. ಹಾರಿದ ದೂರ ತಿಳಿಯಲು ಆಚೆ ದಡದ ಮರಗಳನ್ನೇ ಎಣಿಸಬಹುದು. ಸಾಲಾಗಿ ನೆಟ್ಟ ತೆಂಗಿನ ತೋಟದಲ್ಲಿ ಮರದಿಂದ ಮರಕ್ಕೆ ಸುಮಾರು 25 ಅಡಿ ಬಿಡುತ್ತಾರೆ. ಬೆರಳು ಹತ್ತು ಅಂತರ ದಾಟಿತು ಅಂದರೆ 250 ಅಡಿ, ಹೊಳೆ 2500 ಅಡಿ, ಅಂದರೆ ಮುಕ್ಕಾಲು ಕಿಲೋಮೀಟರ್. ಇದನ್ನು ಈ ವಾರ ಮನೆಯಲ್ಲಿ ನೀವೂ ಮಕ್ಕಳ ಜೊತೆ ಮಾಡಿ ನೋಡಿ.

ಕೊನೆಗೆ ನಿಜವಾದ ಅಳತೆ. ಕರಿಹಲಗೆಗೆ ಬಳಸುವ ದೊಡ್ಡ ಕೋನಮಾಪಕವನ್ನು ಒಂದು ಮಣೆಗೆ ಕೂರಿಸಿ, ನಡುವೆ ಮೊಳೆ ಹೊಡೆದು, ಅದಕ್ಕೆ ತಿರುಗುವ ಪಟ್ಟಿ ಸಿಕ್ಕಿಸಿದ್ದೇವೆ. ಆಚೆ ದಡದ ಗುರುತಿಗೆ ಸರಿ ಎದುರು ಒಂದು ಗೂಟ. ಅಲ್ಲಿಂದ ದಡದುದ್ದಕ್ಕೂ ನೇರ ಅಳೆದುಕೊಂಡು ಹೋಗಿ ಇನ್ನೊಂದು ಗೂಟ. ಅಲ್ಲಿ ನಿಂತು, ದಡದುದ್ದಕ್ಕೆ ಅಳೆದ ಗೆರೆಗೂ ಆಚೆಯ ಗುರುತಿಗೂ ನಡುವಿನ ಕೋನ ನೋಡಬೇಕು. ಕೋನದ ಟ್ಯಾನ್ ಬೆಲೆಯನ್ನು ನಡೆದ ದೂರದಿಂದ ಗುಣಿಸಿದರೆ ಅಗಲ ಬಂತು.

ಎಷ್ಟು ದೂರ ನಡೆಯಬೇಕು ಅನ್ನುವುದರಲ್ಲೇ ಎಲ್ಲ ಇದೆ. ಹೊಳೆ 1000 ಮೀಟರ್ ಅಗಲ ಅಂದುಕೊಳ್ಳಿ. ಬರೀ 100 ಮೀಟರ್ ನಡೆದು ಅಳೆದಾಗ ಕೋನದಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಉತ್ತರ 850ಕ್ಕೂ ಇಳಿಯಬಹುದು, 1200 ದಾಟಲೂಬಹುದು. 500 ಮೀಟರ್ ನಡೆದರೆ ಅದೇ ಒಂದು ಡಿಗ್ರಿ ತಪ್ಪಿಗೆ ಆಗುವ ವ್ಯತ್ಯಾಸ ಸುಮಾರು 45 ಮೀಟರ್ ಮಾತ್ರ. ಅದಕ್ಕೇ ಮಕ್ಕಳು 100 ಮೀಟರಿನಲ್ಲೂ 500 ಮೀಟರಿನಲ್ಲೂ ನಿಂತು ಅಳೆಯುತ್ತಾರೆ. ಬಿಸಿಲಿನಲ್ಲಿ ಅಷ್ಟು ದೂರ ಯಾಕೆ ನಡೆಸಿದಿರಿ ಅಂತ ಕೇಳಬೇಡಿ.

ಇದೇ ಉಪಾಯದಿಂದ ದೇಶವನ್ನೇ ಅಳೆದಿದ್ದಾರೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಏಳೂವರೆ ಮೈಲಿಯ ಒಂದು ಗೆರೆಯನ್ನು ಸರಪಳಿ ಹಿಡಿದು ಅಳೆಸಿದರು. ಅಲ್ಲಿಂದ ತ್ರಿಕೋನಕ್ಕೆ ತ್ರಿಕೋನ ಸೇರಿಸುತ್ತ ತಂಡ ಮಂಗಳೂರು ಕರಾವಳಿ ಮುಟ್ಟಿತು. ಆಗಿನ ನಕ್ಷೆಗಳು ಎರಡು ಕರಾವಳಿಗಳ ನಡುವಿನ ದೂರವನ್ನು ಸುಮಾರು 40 ಮೈಲಿ ಜಾಸ್ತಿ ತೋರಿಸುತ್ತಿದ್ದವು ಅಂತ ಆಗ ಗೊತ್ತಾಯಿತು. 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಗೆರೆಯನ್ನೂ ಅಳೆದರು.

ಇನ್ನು ನಿಮ್ಮಿಂದ ಆಗಬೇಕಾದ್ದು. ಆಚೆ ದಡದಲ್ಲಿ ಮನೆ ಅಥವಾ ತೋಟ ಇರುವವರು ಅಂದು ಒಂದು ಎತ್ತರದ ಗಳಕ್ಕೆ ದೊಡ್ಡ ಕೆಂಪು ಬಟ್ಟೆ ಕಟ್ಟಿ, ನೀರಿನ ಅಂಚಿನಲ್ಲಿ ನಿಲ್ಲಿಸಿಕೊಡಿ. ಉಬ್ಬರ ಇಳಿತಕ್ಕೆ ತಕ್ಕಂತೆ ನೀರಿನ ಅಂಚು ಸರಿಯುತ್ತದೆ, ಹಾಗಾಗಿ ಮಕ್ಕಳು ಅಳತೆಯ ಜೊತೆ ಹೊತ್ತನ್ನೂ ಬರೆಯುತ್ತಾರೆ. ಮೀನುಗಾರಿಕೆಯಲ್ಲಿರುವ ಹಿರಿಯರು ಯಾರಾದರೂ ಬಂದರೆ ತುಂಬ ಉಪಕಾರ. ಇಳಿತ ಎಷ್ಟು ಹೊತ್ತಿಗೆ, ದಡ ಎಲ್ಲಿ ಜಾರುತ್ತದೆ ಅನ್ನುವುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಯಾವ ಮಗುವೂ ನೀರಿಗೆ ಇಳಿಯುವುದಿಲ್ಲ. ದಡದುದ್ದಕ್ಕೂ ಶಿಕ್ಷಕರು ನಿಂತಿರುತ್ತಾರೆ, ಈಜು ಬಲ್ಲ ಇಬ್ಬರು ದೊಡ್ಡವರೂ ಜೊತೆಗಿರುತ್ತಾರೆ. ಟೊಪ್ಪಿ, ನೀರಿನ ಬಾಟಲಿ, ಕಂಪಾಸ್ ಬಾಕ್ಸ್ ಕೊಟ್ಟು ಕಳಿಸಿ. ಹಿಂದಿನ ಪುಟದ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ