ನೀರಿನ ಟ್ಯಾಂಕ್ ಇನ್ನು ನಾವೇ ತುಂಬಿಸಿ ಕೊಡುತ್ತೇವೆ

ಕುಶಾಲನಗರ, ಕೊಡಗು

ಆತ್ಮೀಯ ಗ್ರಾಹಕರೇ,

ನಮ್ಮಲ್ಲಿ ಟ್ರೇಲರ್ (ವಾಹನದ ಹಿಂದೆ ಕಟ್ಟಿಕೊಂಡು ಹೋಗಿ ಅದರಲ್ಲೇ ತಂಗುವ ಗಾಡಿ) ಬಾಡಿಗೆಗೆ ಪಡೆಯುವವರಿಗೆ ಇಷ್ಟು ದಿನ ನೀರಿನ ಟ್ಯಾಂಕನ್ನು ಖಾಲಿ ಕೊಡುತ್ತಿದ್ದೆವು. ಹೋದ ಕಡೆ ತುಂಬಿಸಿಕೊಳ್ಳಿ, ಕೊಡಗಿನಲ್ಲಿ ನೀರಿಗೇನು ಬರ ಎನ್ನುತ್ತಿದ್ದೆವು. ಡಿಸೆಂಬರ್ 1ರಿಂದ 60 ಲೀಟರ್ ಟ್ಯಾಂಕನ್ನು ನಾವೇ ತೊಳೆದು, ತುಂಬಿಸಿ ಕೊಡುತ್ತೇವೆ. ದಾರಿಯಲ್ಲಿ ಮತ್ತೆ ತುಂಬಿಸುವುದಾದರೆ ಟ್ರೇಲರ್ ಜೊತೆಗೇ ಬರುವ ಬಿಳಿ ಪೈಪಿನಿಂದಲೇ ತುಂಬಿಸಬೇಕು.

ಕಳೆದ ತಿಂಗಳು ವಾಪಸು ಬಂದ ಒಂದು ಟ್ರೇಲರಿನಲ್ಲಿ ನೀರು ತುಂಬಿಸುವ ಬಾಯಿಯ ಸುತ್ತ ತೆಳು ನೀಲಿ ಕಲೆ ಇತ್ತು. ಬೆರಳಿನಿಂದ ಉಜ್ಜಿದರೆ ಪುಡಿ ಅಂಟಿತು. ತೋಟದಲ್ಲಿ ಬೆಳೆದವರಿಗೆ ಆ ಬಣ್ಣ ಕಂಡ ಕೂಡಲೇ ಗೊತ್ತಾಗುತ್ತದೆ, ಬೋರ್ಡೋ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ ಹಾಕಿ ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಯುವ ಔಷಧಿ. ವಿಚಾರಿಸಿದಾಗ ತಿಳಿಯಿತು: ಆ ಟ್ರೇಲರ್ ಪಡೆದಿದ್ದ ಕುಟುಂಬ ತಂಗಿದ್ದ ತೋಟದ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವವರು) ಪ್ರೀತಿಯಿಂದ ಪೈಪ್ ಎಳೆದು ಕೊಟ್ಟಿದ್ದರು, ಅದು ಔಷಧಿ ಹೊಡೆಯುವ ಮೋಟಾರಿನ ಪೈಪ್. ಆ ನೀರಿನಲ್ಲಿ ಎರಡು ದಿನ ಮಗುವಿನ ಹಾಲಿನ ಬಾಟಲಿ ತೊಳೆದಿದ್ದಾರೆ. ಮಗುವಿಗೆ ಏನೂ ಆಗಲಿಲ್ಲ. ನಮಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಸರಿಯಾದ ಪೈಪ್ ಇಡದೆ ಟ್ರೇಲರ್ ಕಳುಹಿಸಿದವರು ನಾವು. ಆ ಕುಟುಂಬದ ಕ್ಷಮೆ ಕೇಳಿದ್ದೇವೆ.

ತೋಡಿನ (ಸಣ್ಣ ಹಳ್ಳದ) ನೀರನ್ನೂ ದಯವಿಟ್ಟು ತುಂಬಿಸಬೇಡಿ. ಈಗ ಕಾಫಿ ಕುಯ್ಲಿನ ಕಾಲ, ಅರೇಬಿಕಾ ಆದ ಮೇಲೆ ರೊಬಸ್ಟಾ, ಮಾರ್ಚ್‌ವರೆಗೂ ನಡೆಯುತ್ತದೆ. ಹಣ್ಣು ಪಲ್ಪ್ ಮಾಡಿದ, ಅಂದರೆ ಸಿಪ್ಪೆ ಬಿಡಿಸಿದ ನೀರಿನಲ್ಲಿ ಲೋಳೆ, ಸಕ್ಕರೆಯ ಅಂಶ ಇರುತ್ತದೆ. ಅದು ತೋಡಿಗೆ ಸೇರಿದರೆ ಹುಳಿತು ನಾರುತ್ತದೆ. ಮೇಲಿನ ತೋಟದಲ್ಲಿ ಏನು ನಡೆದಿದೆ ಎಂದು ಕೆಳಗೆ ಬಕೆಟ್ ಹಿಡಿದು ನಿಂತವರಿಗೆ ಗೊತ್ತಾಗುವುದಿಲ್ಲ, ನೀರು ಎಷ್ಟೇ ತಿಳಿಯಾಗಿ ಕಂಡರೂ.

ಪ್ರತಿ ಬಾಡಿಗೆ ಮುಗಿದ ಮೇಲೆ ಟ್ಯಾಂಕ್ ತುಂಬ ನೀರು ಹಿಡಿದು, ಕ್ರಿಮಿ ಕೊಲ್ಲುವ 5 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 60 ಎಂಎಲ್ ಹಾಕುತ್ತೇವೆ. ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಯಿತು. ನಲ್ಲಿಗಳಲ್ಲಿ ವಾಸನೆ ಬರುವ ತನಕ ಪಂಪ್ ಓಡಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವ ತನಕ ಹೊಸ ನೀರಿನಲ್ಲಿ ತೊಳೆಯುತ್ತೇವೆ. ಇದಕ್ಕೆ ಅರ್ಧ ದಿನ ಬೇಕು. ಹಾಗಾಗಿ ಟ್ರೇಲರ್ ಕೈಗೆ ಸಿಗುವ ಸಮಯ ಬೆಳಿಗ್ಗೆ 9ರ ಬದಲು ಮಧ್ಯಾಹ್ನ 2 ಗಂಟೆ. ಬಾಡಿಗೆ ಹೆಚ್ಚಿಸಿಲ್ಲ.

ನೀವು ತುಂಬಿಸುವಾಗ ಪೈಪನ್ನು ನಲ್ಲಿಗೆ ಸಿಕ್ಕಿಸಿ ಒಂದು ನಿಮಿಷ ನೀರು ಹೊರಗೆ ಬಿಡಿ. ಆಮೇಲೆ ತುದಿಯನ್ನು ಟ್ಯಾಂಕಿನ ಬಾಯಿಯೊಳಗೆ ನಾಲ್ಕು ಬೆರಳಷ್ಟು ಮಾತ್ರ ಇಳಿಸಿ, ನಲ್ಲಿಯನ್ನು ಅರ್ಧ ತಿರುಗಿಸಿ. ಪೂರ್ತಿ ತಿರುಗಿಸಿದರೆ ಒಳಗಿನ ಗಾಳಿ ಹೊರಬರಲು ದಾರಿ ಸಿಗದೆ ನೀರು ಗಳಗಳ ಎಂದು ಮುಖಕ್ಕೇ ಎರಚುತ್ತದೆ, ಟ್ಯಾಂಕ್ ತುಂಬಿತೆಂದು ಮೋಸಹೋಗುತ್ತೀರಿ. ಪೈಪಿನ ತುದಿ ನೆಲಕ್ಕೆ ತಾಗದಿರಲಿ. ಮುಗಿದ ಕೂಡಲೇ ಟ್ಯಾಂಕಿನ ಬಾಯಿಗೂ ಪೈಪಿಗೂ ಮುಚ್ಚಳ ಹಾಕಿ. ಟ್ಯಾಂಕ್ ಖಾಲಿಯಿದ್ದಾಗ ಪಂಪ್ ಆನ್ ಮಾಡಬೇಡಿ.

ತುಂಬಿದ ಟ್ಯಾಂಕ್ ಅಂದರೆ 60 ಕೆಜಿ ಹೆಚ್ಚಿನ ಭಾರ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವವರು ಇದನ್ನು ನೆನಪಿಟ್ಟು ನಿಧಾನವಾಗಿ ಹೋಗಿ.

ಈ ನೀರು ಪಾತ್ರೆ ತೊಳೆಯಲು, ಸ್ನಾನಕ್ಕೆ, ಅಡುಗೆಗೆ. ಕುಡಿಯುವುದಾದರೆ ಕುದಿಸಿ. ಪೈಪ್ ಕಳೆದುಹೋದರೆ ಅಥವಾ ನೀರಿನಲ್ಲಿ ಬಣ್ಣ, ವಾಸನೆ ಕಂಡರೆ ಬೀಗದ ಕೈಗೆ ಕಟ್ಟಿರುವ ನಂಬರಿಗೆ ಯಾವ ಹೊತ್ತಿಗಾದರೂ ಫೋನ್ ಮಾಡಿ. ಕೊಡಗಿನಲ್ಲಿ ಎಲ್ಲಿದ್ದರೂ ಕ್ಯಾನ್‌ಗಳಲ್ಲಿ ನೀರು ತಂದು ಕೊಡುತ್ತೇವೆ.

ಇಂತಿ,
ಟ್ರೇಲರ್ ಬಾಡಿಗೆ ವಿಭಾಗದ ಎಲ್ಲರೂ