ಶೇಂಗ್ಯಾನಿಗೆ ಏನೂ ಹಾಕದೇ ಇದ್ದವರಿಗೆ

ನಮ್ಮ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಒಂದು ಪ್ಲಾಸ್ಟಿಕ್ ಭೋಂಗಾ ನೇತಾಡುತ್ತಿದೆ. ನಾಯಿ ಮೈ ಕಚ್ಚಿಕೊಳ್ಳಬಾರದು ಅಂತ ಕುತ್ತಿಗೆಗೆ ಕಟ್ಟುತ್ತಾರಲ್ಲ, ಅದು. ಭೋಂಗಾ ಅನ್ನುವುದು ಓಣಿಯ ಹುಡುಗರು ಇಟ್ಟ ಹೆಸರು. 2024ರ ನವೆಂಬರಿನಲ್ಲಿ ನಮ್ಮ ನಾಯಿ ಶೇಂಗ್ಯಾನ ಕುತ್ತಿಗೆಯಿಂದ ಬಿಚ್ಚಿ ಅಲ್ಲಿ ಹಾಕಿದ್ದು, 2025ರ ನವೆಂಬರಿಗೆ ಒಂದು ವರ್ಷ ತುಂಬಿತು. ಮತ್ತೆ ಕೆಳಗೆ ಇಳಿಸಿಲ್ಲ. ಮೇಲೆ ಧೂಳು ಕೂತಿದೆ. ಅದನ್ನು ಒರೆಸಬೇಡ ಅಂತ ಅವ್ವನಿಗೆ ಹೇಳಿದ್ದೇನೆ. ಆ ಧೂಳು ನೋಡಿದರೆ ಏನೋ ಒಂದು ಸಮಾಧಾನ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೊಟ್ಟವರಿಗೆ ಥ್ಯಾಂಕ್ಸ್ ಹೇಳುವುದು ರೂಢಿ. ನಾನು ಮುಖ್ಯವಾಗಿ ಹೇಳಬೇಕಿರುವುದು ಏನೂ ಕೊಡದೇ ಇದ್ದವರಿಗೆ. ನಮ್ಮ ಕಲಬುರಗಿ ಕಡೆ ಪ್ರೀತಿ ಅಂದರೆ ಉಣ್ಣಿಸುವುದು. ಬಾಗಿಲಿಗೆ ಬಂದ ನಾಯಿಗೆ ಒಂದು ತುಂಡು ರೊಟ್ಟಿ ಹಾಕದಿದ್ದರೆ ಅವ್ವನಿಗೆ ಊಟ ಇಳಿಯುವುದಿಲ್ಲ. ಅಂಥ ಓಣಿಯಲ್ಲಿ ‘ಇವನಿಗೆ ಏನೂ ಹಾಕಬ್ಯಾಡ್ರಿ’ ಅಂತ ಮನೆಮನೆಗೆ ಹೇಳಿಕೊಂಡು ತಿರುಗಿದವನು ನಾನು. ಎಷ್ಟು ಮಂದಿಗೆ ಬೇಜಾರಾಯಿತೋ.

ಶೇಂಗ್ಯಾ ನಮ್ಮ ಲ್ಯಾಬ್ರಡಾರ್. 2019ರಲ್ಲಿ ಮರಿ ಮನೆಗೆ ಬಂದಾಗ ಹುರಿದ ಶೇಂಗಾದ ಬಣ್ಣ ಇತ್ತು. ಮುತ್ಯಾ ಹಾಗೇ ಕರೆದರು, ಅದೇ ಹೆಸರು ನಿಂತಿತು. ನಮ್ಮ ಬಿಸಿಲಿಗೆ ಈ ಜಾತಿ ನಾಯಿ ತರಬ್ಯಾಡ ಅಂತ ಹೇಳಿದವರೂ ಇದ್ದರು. ಅವರು ಹೇಳಿದ್ದು ಸರಿ ಇತ್ತು, ನಾನು ಕೇಳಲಿಲ್ಲ.

2021ರ ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾಯಿತು. ಮೊದಲು ಕಾಲ ಬೆರಳ ಸಂದಿ ನೆಕ್ಕುವುದು. ಆಮೇಲೆ ಕಿವಿ. ಆಮೇಲೆ ಕಂಕುಳು, ಹೊಟ್ಟೆ. ರಾತ್ರಿ ಒಂದಕ್ಕೆ, ಎರಡಕ್ಕೆ ಎದ್ದು ಕೆರೆಯುತ್ತಿದ್ದ. ನಮ್ಮ ಮನೆಯ ನೆಲ ಶಹಾಬಾದ್ ಫರಸಿ. ಕೆರೆಯುವಾಗ ಹಿಂಗಾಲು ಫರಸಿಗೆ ಬಡಿದು ಟಕ್ ಟಕ್ ಟಕ್ ಅನ್ನುತ್ತಿತ್ತು, ಜೊತೆಗೆ ಕೊರಳ ಬಿಲ್ಲೆಯ ಸದ್ದು. ಒಂದು ರಾತ್ರಿ ತಡೆಯಲಾರದೆ ಬಿಲ್ಲೆ ಬಿಚ್ಚಿಟ್ಟೆ. ಅವನ ಕೆರೆತ ನಿಲ್ಲಲಿಲ್ಲ, ನನಗೆ ಕೇಳಿಸುವುದು ಕಡಿಮೆಯಾಯಿತು ಅಷ್ಟೆ. ಆ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡು ವರ್ಷ ಇಂಜೆಕ್ಷನ್ ಮೇಲೆ ದೂಡಿದೆವು. ಹಾಕಿಸಿದ ಮರುದಿನ ಕೆರೆತ ಮಾಯ, ಹದಿನೈದು ದಿನಕ್ಕೆ ಮತ್ತೆ ಹಾಜರ್. ಅದು ಸ್ಟೀರಾಯ್ಡ್ ಅಂತ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಕೆಟ್‌ಗಟ್ಟಲೆ ನೀರು ಕುಡಿಯುವುದು, ಮನೆ ತುಂಬಾ ಉಚ್ಚೆ, ಎಷ್ಟು ಹಾಕಿದರೂ ಹಸಿವು. ಅದೆಲ್ಲ ಸ್ಟೀರಾಯ್ಡಿನ ಪರಿಣಾಮ, ನಾವು ಬಿಸಿಲಿಗೆ ಹೀಗಾಗಿದೆ ಅಂದುಕೊಂಡೆವು. ಈ ನಡುವೆ ಸುಟ್ಟ ಎಂಜಿನ್ ಆಯಿಲ್ ಹಚ್ಚು ಅಂತ ಸಲಹೆ ಕೊಟ್ಟವರು ಮೂರು ಜನ. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ವಿಷ. ನಿಮಗೂ ಥ್ಯಾಂಕ್ಸ್, ಆದರೆ ದಯವಿಟ್ಟು ಇನ್ನೊಬ್ಬರಿಗೆ ಹೇಳಬೇಡಿ.

2023ರ ಜುಲೈನಲ್ಲಿ ಕಿವಿಯಿಂದ ಹುಳಿ ವಾಸನೆ ಬರತೊಡಗಿತು. ಪಕ್ಕದಲ್ಲಿ ಕೂರಲು ಆಗುತ್ತಿರಲಿಲ್ಲ. ಆಗ ಗೆಳೆಯನೊಬ್ಬ, ‘ಬೀದರಿಗೆ ಒಯ್ಯೋಣು ನಡಿ, ಗಾಡಿ ನಂದು, ಡೀಸೆಲ್ ನಿಂದು’ ಅಂದ. ನಾನು ಲೆಕ್ಕ ಬರೆಯುವ ದಾಲ್ ಮಿಲ್ಲಿನ ಸಾವ್ಕಾರ್ರು ನಾಯಿ ಸಲುವಾಗಿ ರಜೆ ಕೇಳಿದ್ದಕ್ಕೆ ಒಂದು ನಿಮಿಷ ಮುಖ ನೋಡಿದರು, ಆಮೇಲೆ ಹೋಗಿ ಬಾ ಅಂದರು. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ನಮ್ಮಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು. ಕಮಲಾಪುರ ದಾಟುವಾಗ ಕೆಂಪು ಬಾಳೆಹಣ್ಣು ಕೊಂಡೆವು, ಹುಮನಾಬಾದಿನಲ್ಲಿ ಚಹಾ. ದಾರಿಯುದ್ದಕ್ಕೂ ಶೇಂಗ್ಯಾ ಕಿಟಕಿಗೆ ತಲೆ ಉಜ್ಜುತ್ತಲೇ ಇದ್ದ.

ಅಲ್ಲಿ ಡಾಕ್ಟರ್ ಮೇಡಂ ಮೊದಲು ಇಂಜೆಕ್ಷನ್ ಕೊಡಲಿಲ್ಲ. ಅರ್ಧ ಗಂಟೆ ಬರೀ ಪ್ರಶ್ನೆ. ಯಾವ ತಿಂಗಳು ಜಾಸ್ತಿ, ಏನು ತಿಂತಾನ, ಎಲ್ಲಿ ಮಲಗ್ತಾನ. ಬ್ಲೇಡಿನಿಂದ ಚರ್ಮ ಸ್ವಲ್ಪ ರಕ್ತ ಜಿನುಗುವಷ್ಟು ಕೆರೆದು, ಹುಳ ಇದೆಯಾ ಅಂತ ನೋಡಿದರು. ಇರಲಿಲ್ಲ. ಕಿವಿಯ ಕೊಳೆಯನ್ನು ಹತ್ತಿಯಲ್ಲಿ ತೆಗೆದು, ಗಾಜಿಗೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟರು. ಆಮೇಲೆ ನನ್ನನ್ನೇ ಕರೆದರು. ‘ನೋಡ್ರಿ, ಏನ್ ಕಾಣ್ತದ?’ ನೋಡಿದರೆ ನೀಲಿ ನೇರಳೆ ಬಣ್ಣದ ಸಣ್ಣ ಸಣ್ಣ ಶೇಂಗಾಕಾಯಿ! ನಡುವೆ ಸೊಂಟ ಇರುವ, ಎರಡು ಬೀಜದ ಶೇಂಗಾಕಾಯಿ, ನೂರಾರು. ಮಲಾಸೀಜಿಯಾ ಅನ್ನುವ ಈಸ್ಟ್ ಅಂತೆ. ಎಲ್ಲ ನಾಯಿಯ ಮೈಮೇಲೂ ಸ್ವಲ್ಪ ಇರುತ್ತದೆ, ಅಲರ್ಜಿಯಿಂದ ಚರ್ಮ ಕೆಟ್ಟಾಗ ಹೀಗೆ ಬೆಳೆಯುತ್ತದೆ. ಆ ವಾಸನೆ ಅದರದೇ. ಇವನ ಹೆಸರೇ ಶೇಂಗ್ಯಾ ಅಂದಾಗ ಕಾಲು ಹಿಡಿದು ನಿಂತಿದ್ದ ಕಾಲೇಜು ಹುಡುಗಿಯರು ನಕ್ಕು ಬಿಟ್ಟರು. ಎರಡು ವರ್ಷದಲ್ಲಿ ಆ ನಾಯಿಯ ವಿಷಯಕ್ಕೆ ನಾನು ನಕ್ಕಿದ್ದು ಅವತ್ತೇ ಮೊದಲು.

‘ಪೂರ್ತಿ ಹೋಗಂಗಿಲ್ಲ ರೀ,’ ಅಂದರು ಮೇಡಂ. ‘ಶುಗರ್ ಇದ್ದವರು ಹೆಂಗ ನೋಡ್ಕೋತಾರ, ಹಂಗ ನೋಡ್ಕೋಬೇಕು.’ ಅಷ್ಟು ದಿನದಲ್ಲಿ ಯಾರಾದರೂ ನಿಜ ಹೇಳಿದ್ದು ಅದೊಂದೇ. ಮೇಡಂ, ಆ ಮಾತಿಗೆ ನಿಮಗೆ ದೊಡ್ಡ ನಮಸ್ಕಾರ.

ಆಮೇಲೆ ಬಂತು ಊಟದ ಪರೀಕ್ಷೆ. ಊಟದಲ್ಲಿ ಯಾವುದು ಆಗುವುದಿಲ್ಲ ಅಂತ ತಿಳಿಯಲು ನಂಬಿಕೆಯ ದಾರಿ ಇದೊಂದೇ, ರಕ್ತ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ಎಂಟು ವಾರ ಅವನು ಹುಟ್ಟಿದ ಮೇಲೆ ಬಾಯಿಗೇ ಇಡದ ಒಂದು ಮಾಂಸ, ಒಂದು ಗಡ್ಡೆ, ನೀರು. ಇಷ್ಟೇ. ಬಿಸ್ಕತ್ತಿಲ್ಲ, ರೊಟ್ಟಿ ಇಲ್ಲ, ಮೊಸರಿಲ್ಲ, ಚೀಲದ ಚಿಕನ್ ಫುಡ್ ಇಲ್ಲ. ಇವನು ತಿನ್ನದೇ ಇದ್ದದ್ದು ಮಟನ್ ಒಂದೇ, ಯಾಕಂದರೆ ನಮ್ಮದು ಲಿಂಗಾಯತರ ಮನೆ. (ಚೀಲದ ಫುಡ್ಡಿನಲ್ಲಿ ಚಿಕನ್ ಇರುವುದು ಅವ್ವನಿಗೆ ಗೊತ್ತಿತ್ತು. ಪುಡಿ ಆದ ಮೇಲೆ ಅದು ಔಷಧ ಇದ್ದಂತೆ ಅನ್ನುವುದು ಅವಳ ತೀರ್ಮಾನ.) ಮಟನ್ ಮತ್ತು ಗೆಣಸು ಅಂತ ಚೀಟಿಯಲ್ಲಿ ಬರೆದಿತ್ತು. ಅವ್ವ ಚೀಟಿ ನೋಡಿ, ‘ನನ್ನ ಒಲಿ ಮ್ಯಾಲ ಅದು ಏರಂಗಿಲ್ಲ ನೋಡು’ ಅಂದಳು. ಅದೂ ಯಾವಾಗ? ಶ್ರಾವಣ. ಅದೂ ಎಂಥ ಶ್ರಾವಣ? 2023ರಲ್ಲಿ ಅಧಿಕ ಮಾಸ ಬಂದು ಶ್ರಾವಣವೇ ಎರಡು ತಿಂಗಳು! ಎಂಟು ವಾರದ ಪರೀಕ್ಷೆ ಸರಿಯಾಗಿ ಅದರೊಳಗೇ ಬಂದು ಕೂತಿತು.

ಪಕ್ಕದ ಮನೆಯ ಖಾಲಾ ನಮ್ಮ ಗಲಾಟೆಯನ್ನು ಗೋಡೆ ಆಚೆಯಿಂದ ಕೇಳಿಸಿಕೊಂಡಿದ್ದರು. ಸಂಜೆ ಬಂದು, ‘ಬೇಟಾ, ಕೊಂಡು ತಂದು ಕೊಡು, ನಾ ಕುದಿಸಿ ಕೊಡ್ತೀನಿ’ ಅಂದರು. ಇಷ್ಟು ಸುಲಭವಾಗಿ. ಕಷ್ಟವಾಗಿದ್ದು ಆಮೇಲೆ. ನಾಯಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ ವಿಷ. ಉಪ್ಪು, ಖಾರ, ಅರಿಶಿನ, ಎಣ್ಣೆ ಯಾವುದೂ ಬೇಡ. ನಲವತ್ತು ವರ್ಷ ಮಟನ್ ಮಾಡಿದ ಕೈಗೆ ಬರೀ ನೀರಲ್ಲಿ ಕುದಿಸು ಅಂದರೆ ಹೇಗೆ? ಮೊದಲ ದಿನ ಡಬ್ಬಿ ಕೊಡುವಾಗ ಅವರ ಮುಖ ನೋಡಬೇಕಿತ್ತು. ‘ಇದಕ್ಕ ಅಡಗಿ ಅಂತ ಹೇಳಬ್ಯಾಡ ಯಾರಿಗೂ. ಖಾಲಾ ಮಾಡ್ಯಾಳ ಅಂತ ಅಂತೂ ಹೇಳಲೇ ಬ್ಯಾಡ.’ ಹೇಳುತ್ತಿದ್ದೇನೆ ಖಾಲಾ, ಮಾಫ್ ಮಾಡಿ. ಹತ್ತು ವಾರ, ದಿನಾ ಬೆಳಗ್ಗೆ ಏಳಕ್ಕೆ, ಗೋಡೆಯ ಮೇಲಿಂದ ಸ್ಟೀಲ್ ಡಬ್ಬಿ. ಒಂದು ದಿನವೂ ತಪ್ಪಿಸಲಿಲ್ಲ.

ಎಂಟು ವಾರ ಹತ್ತಾದದ್ದು ಪಂಚಮಿಯ ಕಾರಣಕ್ಕೆ. ಅಕ್ಕನ ಮಗ ರವಾ ಉಂಡಿ ತಿನ್ನುತ್ತಾ ಅರ್ಧ ಇವನಿಗೆ ಹಾಕಿದ. ನಾಲ್ಕು ವರ್ಷದ ಹುಡುಗ, ಬೈಯಲು ಬಾಯಿ ಬರಲಿಲ್ಲ. ಮೂರನೆಯ ದಿನ ಕಿವಿ ಒಳಗೆ ಕೆಂಪು. ಮೇಡಂಗೆ ಫೋನ್ ಮಾಡಿದರೆ ಎರಡು ವಾರ ಮುಂದುವರಿಸಿ ಅಂದರು. ಆವತ್ತೇ ಓಣಿಯ ಹುಡುಗರು ಗೇಟಿಗೆ ಒಂದು ರಟ್ಟು ಕಟ್ಟಿದರು: ‘ಈ ನಾಯಿಗೆ ಏನೂ ಹಾಕಬೇಡಿ. ಹಾಕಿದರೆ ಇಡೀ ಮನೆಗೆ ನಿದ್ದೆ ಇಲ್ಲ.’ ಖಾಲಾನ ಮಗ ಅದರ ಕೆಳಗೆ ಉರ್ದುವಿನಲ್ಲೂ ಬರೆದ. ಗಣಪತಿ ಪೆಂಡಾಲಿನಲ್ಲಿ ಹತ್ತಾರು ಕೈಗಳಲ್ಲಿ ಪ್ರಸಾದ ಇತ್ತು, ಶೇಂಗ್ಯಾ ಬಾಲ ಅಲ್ಲಾಡಿಸಿಕೊಂಡು ಎಲ್ಲರ ಮುಂದೂ ಕೂತು ಬಂದ. ಒಬ್ಬರೂ ಹಾಕಲಿಲ್ಲ. ಆ ಹತ್ತಾರು ಜನರಿಗೇ ಈ ಬರಹ. ಅವನು ಆ ಕಣ್ಣು ಮಾಡಿ ನೋಡುವಾಗ ಕೈ ಹಿಂದೆ ಕಟ್ಟಿಕೊಳ್ಳುವುದು ಸಣ್ಣ ಕೆಲಸ ಅಲ್ಲ.

ಹತ್ತು ವಾರದ ಮೇಲೆ ಒಂದೊಂದೇ ಹಳೆಯ ಊಟ ಮತ್ತೆ ಕೊಟ್ಟು ನೋಡಿದೆವು, ಒಂದೊಂದಕ್ಕೆ ಎರಡು ವಾರ. ಚಿಕನ್ ಫೇಲು. ಗೋಧಿ ಫೇಲು. ಮೊಸರು ಪಾಸು. ಜೋಳದ ರೊಟ್ಟಿಯ ಸರದಿ ಬಂದಾಗ ಅವ್ವ ದಿನಾ ಬೆಳಗ್ಗೆ ಅವನ ಕಿವಿ ಮಡಚಿ ನೋಡುತ್ತಿದ್ದಳು. ಹದಿನಾಲ್ಕನೆಯ ದಿನವೂ ಕಿವಿ ತಿಳಿ ಗುಲಾಬಿಯೇ ಇತ್ತು. ‘ಜೋಳ ಆಗ್ತದ ಇವಗ!’ ಅಂತ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಓಣಿಗೆಲ್ಲ ಹೇಳಿದಳು. ಮಗ ಎಸ್‌ಎಸ್‌ಎಲ್‌ಸಿ ಪಾಸಾದಾಗ ಇಷ್ಟು ಜೋರಾಗಿ ಹೇಳಿರಲಿಲ್ಲ, ಇರಲಿ.

ಅಲ್ಲಿಗೆ ಕತೆ ಮುಗಿಯಲಿಲ್ಲ. ಊಟ ಸರಿ ಮಾಡಿದ ಮೇಲೂ ಅರ್ಧ ಕೆರೆತ ಉಳಿಯಿತು. ಅದು ಗಾಳಿ, ಧೂಳು, ಹುಲ್ಲಿನ ಅಲರ್ಜಿ. ಆಗಸ್ಟಿನಿಂದ ನವೆಂಬರ್ ತನಕ ಜೋರು. ಆ ತಿಂಗಳುಗಳಿಗೆ ಒಕ್ಲಾಸಿಟಿನಿಬ್ ಅನ್ನುವ, ಕೆರೆತ ತಡೆಯುವ ಗುಳಿಗೆ. ನಮ್ಮೂರಲ್ಲಿ ಸಿಗದಿದ್ದಾಗ ಮೆಡಿಕಲ್ ಅಂಗಡಿಯವರು ಹೈದರಾಬಾದಿನಿಂದ ತರಿಸಿಕೊಟ್ಟರು, ಸಂಬಳದ ತನಕ ಉದ್ರಿಯೂ ಬರೆದುಕೊಂಡರು. ವಾರಕ್ಕೊಮ್ಮೆ ಔಷಧದ ಶಾಂಪೂ, ನೊರೆ ಹತ್ತು ನಿಮಿಷ ಮೈಮೇಲೇ ಇರಬೇಕು. ಒದ್ದೆ ನಾಯಿಯನ್ನು ಹತ್ತು ನಿಮಿಷ ಹಿಡಿದು ನಿಂತವರಿಗೆ ಗೊತ್ತು ಅದೆಷ್ಟು ಉದ್ದ ಅಂತ. ಬೇಸಿಗೆಯಲ್ಲಿ ನಳದ ನೀರು ದಿನಾ ಬರುವುದಿಲ್ಲ. ನಾಯಿ ಸ್ನಾನಕ್ಕೆ ಬೋರಿನ ನೀರು ಬಿಟ್ಟ ಎದುರು ಮನೆಯ ಕಾಕಾ, ನಿಮಗೆ ಏನು ಹೇಳಲಿ? ಖಾಲಿ ಪ್ಲಾಟಿನಲ್ಲಿ ಸೊಂಟದೆತ್ತರ ಬೆಳೆದಿದ್ದ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕಿತ್ತ ಹುಡುಗರಿಗೂ ಅಷ್ಟೆ. ಅದು ಮನುಷ್ಯರ ಮೈಯನ್ನೂ ಬಿಡುವುದಿಲ್ಲ ಅಲ್ವಾ.

2024ರ ಮೇ ತಿಂಗಳು ನೆನೆಸಿಕೊಳ್ಳಲು ಇಷ್ಟವಿಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಉಣ್ಣೆ ಜ್ವರ, ಅಂದರೆ ನಾಯಿ ಮೈಗೆ ಅಂಟಿ ರಕ್ತ ಹೀರುವ ಹುಳದಿಂದ ಬರುವ ಜ್ವರ. ಒಸಡು ಬಿಳಿಚಿತು, ಊಟ ಬಿಟ್ಟ. ಎರಡು ಲಕ್ಷಕ್ಕೆ ಕಮ್ಮಿ ಇರಬಾರದ ಪ್ಲೇಟ್‌ಲೆಟ್ 48 ಸಾವಿರ. ಬಿಸಿಲು ಏರುವ ಮೊದಲು ಬೀದರ್ ಮುಟ್ಟಬೇಕು ಅಂತ ಅದೇ ಗೆಳೆಯ ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ತಂದ. ಆ ಸಲ ಡೀಸೆಲ್ಲಿನ ಮಾತೇ ಆಡಲಿಲ್ಲ. 28 ದಿನ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್. ಉಣ್ಣೆ ಗೋಡೆಯ ಬಿರುಕಿನಲ್ಲೂ ಮೊಟ್ಟೆ ಇಡುತ್ತದೆ ಅಂತ ತಿಳಿದು, ಹಿಂದಿನ ಮನೆಯ ಗೌಂಡಿ ಮಾಮಾ ಅಂಗಳದ ಗೋಡೆಗೆಲ್ಲ ಸಿಮೆಂಟು ಮೆತ್ತಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಮತ್ತೆ ಕಿವಿ ಕೆಟ್ಟಿತು. ಅದು ಪೂರ್ತಿ ನನ್ನ ತಪ್ಪು. ನಾಲ್ಕನೆಯ ದಿನಕ್ಕೆ ಒಣಗಿದಂತೆ ಕಂಡಿತು ಅಂತ ಹನಿ ಔಷಧ ನಿಲ್ಲಿಸಿದ್ದೆ. ಭೋಂಗಾ ಕಟ್ಟಿದ್ದು ಆವಾಗಲೇ ಕೊನೆ.

2025ರ ಮಳೆ ನಿಮಗೆಲ್ಲ ಗೊತ್ತೇ ಇದೆ. ಭೀಮಾ ತುಂಬಿ ಹರಿಯಿತು, ತೊಗರಿ ಹೊಲದಲ್ಲಿ ನೀರು ನಿಂತಿತು, ಮನೆಯ ಗೋಡೆಗಳೆಲ್ಲ ಥಂಡಿ. ಇಂಥ ತೇವಕ್ಕೆ ಕಿವಿ ಕೆಡದೇ ಇರುತ್ತದಾ ಅಂತ ದಿನಾ ಮೂಗು ಹತ್ತಿರ ಇಟ್ಟು ವಾಸನೆ ನೋಡುತ್ತಿದ್ದೆ. ಕೆಡಲಿಲ್ಲ. ಗುಳಿಗೆ ನಡೆದೇ ಇದೆ, ಶನಿವಾರದ ಸ್ನಾನ ನಡೆದೇ ಇದೆ, ಕಾಲು ನೆಕ್ಕುವುದೂ ಅಷ್ಟಿಷ್ಟು ಇದೆ. ಬೆಳಗ್ಗೆ ಐದಕ್ಕೆ ವಾಕಿಂಗು, ಬಂದ ಮೇಲೆ ನಾಲ್ಕೂ ಪಾದ ಒರೆಸಿ ಒಣಗಿಸುವುದು. ಕೊರಳಿಗೆ ಬಿಲ್ಲೆ ವಾಪಸ್ ಹಾಕಿದ್ದೇನೆ. ರಾತ್ರಿ ಅದು ಒಮ್ಮೆ ಸದ್ದು ಮಾಡಿದರೆ ಎಚ್ಚರಾಗುತ್ತದೆ, ಎರಡನೆಯ ಸದ್ದಿಗೆ ಕಾಯುತ್ತೇನೆ, ಬಹಳ ಸಲ ಬರುವುದೇ ಇಲ್ಲ.

ಖಾಲಾ, ನಿಮ್ಮ ಸ್ಟೀಲ್ ಡಬ್ಬಿ ಒಂದು ಇನ್ನೂ ನಮ್ಮ ಮನೆಯಲ್ಲೇ ಇದೆ. ಮರೆತಿಲ್ಲ. ಖಾಲಿ ಡಬ್ಬಿ ಕಳಿಸಬಾರದು ಅಂತ ಅವ್ವ ತಡೆದಿಟ್ಟಿದ್ದಾಳೆ. ಭಾನುವಾರ ಶೇಂಗಾ ಹೋಳಿಗೆ ಮಾಡುತ್ತಾಳಂತೆ, ಬಿಸಿ ಇರುವಾಗಲೇ ಗೋಡೆ ಮೇಲಿಂದ ಕೊಡುತ್ತೇನೆ.