ಹೆಬ್ಬೆರಳು ಜೋಪಾನ

ಮುದ್ದು ಮಗಳೇ,

ಮಸಾಜ್ ಕೋರ್ಸಿನ ಪ್ರಾಕ್ಟಿಕಲ್ ಕ್ಲಾಸ್ ಶುರುವಾದಾಗಿನಿಂದ ಹೆಬ್ಬೆರಳಿನ ಬುಡ ನೋಯುತ್ತಿದೆ ಅಂತ ಬರೆದಿದ್ದೀಯ. "ಅಭ್ಯಾಸ ಆದಮೇಲೆ ಸರಿಹೋಗುತ್ತೆ ಅಲ್ವಾ ಅಮ್ಮಾ?" ಅಂತ ಬೇರೆ ಕೇಳಿದ್ದೀಯ. ಇಲ್ಲ ಕಂದಾ, ಸರಿಹೋಗುವುದಿಲ್ಲ. ನೋವಿಗೆ ನೀನು ಒಗ್ಗಿಹೋಗುತ್ತೀಯ, ಅಷ್ಟೇ. ಫೋನಿನಲ್ಲಿ ಎರಡು ಮಾತು ಹೇಳಿದರೆ ನೀನು "ಹೂಂ ಹೂಂ" ಅಂದು ಮರೆತುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳ ಮಾತು ಅಂದುಕೊಂಡು ಓದು. ಬೇಡ ಅನ್ನಿಸಿದ್ದನ್ನು ಬಿಡು, ಹೆಬ್ಬೆರಳಿನ ವಿಷಯವೊಂದನ್ನು ಮಾತ್ರ ಬಿಡಬೇಡ.

ನಮ್ಮ ಕೆಲಸದಲ್ಲಿ ಮೊದಲು ಹಾಳಾಗುವುದು ಟೇಬಲ್ ಮೇಲೆ ಮಲಗಿದವರ ಮೈಯಲ್ಲ, ನಮ್ಮದು. ಹೆಬ್ಬೆರಳಿನ ಬುಡದ ಕೀಲು ಚಿಕ್ಕದು. ಹಿಡಿಯೋದಕ್ಕೆ, ತಿರುಗಿಸೋದಕ್ಕೆ ಅದು ಬಹಳ ಚೆನ್ನಾಗಿದೆ. ದಿನವಿಡೀ ಒಬ್ಬರ ಬೆನ್ನನ್ನು ಒತ್ತೋದಕ್ಕೆ ಅಲ್ಲ. ತುದಿಯಲ್ಲಿ ನೀನು ಹಾಕುವ ಬಲ ಬುಡದಲ್ಲಿ ಹಲವು ಪಟ್ಟಾಗಿ ಬೀಳುತ್ತದೆ. ಬೆರಳು ಹಿಂದಕ್ಕೆ ಬಾಗಿದ್ದಾಗ ಒತ್ತಿದರಂತೂ ಕೇಳಲೇಬೇಡ. ನಿನ್ನ ಹೆಬ್ಬೆರಳು ಚಿಕ್ಕಂದಿನಿಂದಲೂ ಹಿಂದಕ್ಕೆ ಬಾಗುತ್ತದೆ. ಆಗ ಎಲ್ಲರಿಗೂ ತೋರಿಸಿ ನಗಿಸುತ್ತಿದ್ದೆ. ಈಗ ಅದೇ ನಿನಗೆ ತೊಂದರೆ. ಹಾಗಾಗಿ ನೀನು ಬೇರೆಯವರಿಗಿಂತ ಜಾಸ್ತಿ ಹುಷಾರಾಗಿರಬೇಕು.

ಒತ್ತುವುದನ್ನು ಬಿಡು, ವಾಲುವುದನ್ನು ಕಲಿ. ಒಂದು ಕಾಲು ಮುಂದೆ, ಒಂದು ಹಿಂದೆ. ಹಿಂದಿನ ಹಿಮ್ಮಡಿ ನೆಲಕ್ಕೆ ಊರಿರಲಿ, ಮಂಡಿ ಸ್ವಲ್ಪ ಸಡಿಲವಾಗಿರಲಿ. ಕೈ ಇಟ್ಟ ಮೇಲೆ ಬೆನ್ನು ಬಗ್ಗಿಸದೆ ಇಡೀ ಮೈಯನ್ನು ಮುಂದಕ್ಕೆ ಬಿಡು. ಮೈಭಾರ ತಾನಾಗಿಯೇ ಕೈಗಿಳಿಯುತ್ತದೆ. ಮಣಿಕಟ್ಟು ಮಡಚಿಕೊಳ್ಳಬಾರದು. ಸರಿಯಾಗಿದೆಯಾ ಇಲ್ಲವಾ ಅಂತ ನಿನಗೇ ತಿಳಿಯುತ್ತೆ. ಭುಜ ಕಿವಿಯ ಕಡೆ ಏರಿದ್ದರೆ, ಉಸಿರು ಬಿಗಿಹಿಡಿದಿದ್ದರೆ, ನೀನು ಇನ್ನೂ ತೋಳಿನ ಬಲದಲ್ಲೇ ಒತ್ತುತ್ತಿದ್ದೀಯ. ಅಗಲವಾದ ಜಾಗಕ್ಕೆ ಮುಂದೋಳು ಸಾಕು. ಆಳಕ್ಕೆ ಹೋಗಬೇಕಾದರೆ ಸಡಿಲ ಮುಷ್ಟಿ, ಇಲ್ಲವಾದರೆ ಮೊಣಕೈ. ಮೊಣಕೈಯನ್ನು ಮಾತ್ರ ನಿಧಾನವಾಗಿ ಇಳಿಸಬೇಕು, ಅದಕ್ಕೆ ಬೆರಳಿಗಿರುವಷ್ಟು ಸೂಕ್ಷ್ಮ ಇಲ್ಲ. ಬಿಗಿದ ಜಾಗ ಹುಡುಕೋದಕ್ಕೆ ಮಾತ್ರ ಹೆಬ್ಬೆರಳು ಇರಲಿ. ಹುಡುಕಿ ಕೊಟ್ಟ ಮೇಲೆ ದುಡಿಯುವವರು ಬೇರೆ ಇದ್ದಾರೆ.

ಟೇಬಲ್ ಎತ್ತರ ನೋಡಿಕೊಂಡಿದ್ದೀಯಾ? ಪಕ್ಕದಲ್ಲಿ ನಿಂತು ಕೈ ಇಳಿಬಿಟ್ಟರೆ ಬೆರಳಿನ ಗಿಣ್ಣು ಟೇಬಲ್‌ಗೆ ತಾಗಬೇಕು. ಇದು ಶುರು ಮಾಡುವುದಕ್ಕೆ ಒಂದು ಅಳತೆ. ಮಲಗಿದವರು ದಪ್ಪ ಇದ್ದರೆ ಇನ್ನೂ ಸ್ವಲ್ಪ ಇಳಿಸು. ಕ್ಲಾಸಿನಲ್ಲಿ ಉದ್ದದ ಹುಡುಗ ಬಿಟ್ಟುಹೋದ ಟೇಬಲ್‌ನಲ್ಲೇ ನೀನೂ ಶುರು ಮಾಡಿದರೆ ಭುಜ ಏರದೆ ಇನ್ನೇನಾಗುತ್ತೆ? ಪ್ರತಿ ಸಲ ಸರಿಮಾಡಿಕೋ. ಹಿಂದೆ ಕಾಯುವವರು ಗೊಣಗಿದರೆ ಗೊಣಗಲಿ.

ಬರೀ ಮೂಳೆ, ಸ್ನಾಯುವಿನ ಹೆಸರು ಬಾಯಿಪಾಠ ಮಾಡಿಸುತ್ತಾರೆ ಅಂತ ಬೇಜಾರು ಮಾಡಿಕೊಂಡಿದ್ದೀಯ. ಮೂಳೆ 206, ಸ್ನಾಯು 600ಕ್ಕೂ ಜಾಸ್ತಿ. ಪುಸ್ತಕ ನೋಡಿ ಕಲಿತರೆ ಪರೀಕ್ಷೆ ಮುಗಿದ ಮಾರನೇ ದಿನ ಒಂದೂ ನೆನಪಿರಲ್ಲ. ಮೈ ಮೇಲೆ ಕಲಿ. ಕನ್ನಡಿ ಮುಂದೆ ನಿಂತು ಮುಖವನ್ನು ಎಡಕ್ಕೆ ತಿರುಗಿಸು. ಬಲಗಿವಿಯ ಹಿಂದಿನಿಂದ ಎದೆಮೂಳೆಯ ಮೇಲ್ತುದಿಯವರೆಗೆ ಒಂದು ಸ್ನಾಯು ಎದ್ದು ನಿಲ್ಲುತ್ತದೆ. ಅದೇ ನೀನು ಮೂರು ಸಲ ತಪ್ಪಾಗಿ ಬರೆದೆ ಅಂದೆಯಲ್ಲ, ಆ ಸ್ಟರ್ನೋಕ್ಲೈಡೋಮಾಸ್ಟಾಯ್ಡ್. ಮುಟ್ಟಿ ನೋಡಿದ ಮೇಲೆ ಆ ಉದ್ದ ಹೆಸರಿನ ಅರ್ಧ ಹೆದರಿಕೆ ಹೋಗುತ್ತೆ. ಈಗ ಮುಖ ನೇರ ಮಾಡಿ, ಅದರ ಮುಂದಿನ ತಗ್ಗಿನಲ್ಲಿ ಬೆರಳನ್ನು ಸುಮ್ನೆ ಹಾಗೇ ಇಡು, ಒತ್ತಬೇಡ. ನಾಡಿ ಸಿಕ್ಕಿತಾ? ಅದು ಕ್ಯಾರೋಟಿಡ್, ಮಿದುಳಿಗೆ ರಕ್ತ ಒಯ್ಯುವ ದಾರಿ. ಅಲ್ಲಿ ಒತ್ತಿದರೆ ಎದೆಬಡಿತ ನಿಧಾನವಾಗಿ ತಲೆಸುತ್ತು ಬಂದು ಬೀಳಬಹುದು. ಕತ್ತಿನ ಮುಂಭಾಗಕ್ಕೆ ಕೈ ಹಾಕಬಾರದು ಅಂತ ಮೇಷ್ಟ್ರು ಹೇಳುವುದು ಇದಕ್ಕೇ. ಕಂಕುಳು, ಮೊಣಕೈ ಮಡಿಕೆ, ತೊಡೆಸಂದು, ಮಂಡಿಯ ಹಿಂದಿನ ಗುಳಿ, ಇವೂ ಹಾಗೇ. ನರ, ರಕ್ತನಾಳ ಚರ್ಮಕ್ಕೆ ಹತ್ತಿರ ಇರುವ ಜಾಗಗಳು. ಸೊಂಟದ ಮೇಲ್ಗಡೆ, ಮೂತ್ರಪಿಂಡ ಇರುವ ಕಡೆ ಜೋರಾಗಿ ತಟ್ಟಬಾರದು.

ಕೈಗೆ ಸೂಕ್ಷ್ಮ ಬರಬೇಕಾದರೆ ಒಂದು ಹಳೆಯ ಆಟ ಇದೆ. ತಲೆಗೂದಲು ಒಂದನ್ನು ಪುಸ್ತಕದ ಹಾಳೆಯ ಕೆಳಗೆ ಇಟ್ಟು, ಕಣ್ಣು ಮುಚ್ಚಿ, ಎಲ್ಲಿದೆ ಅಂತ ಬೆರಳಿನಲ್ಲಿ ಹುಡುಕು. ಸಿಕ್ಕಿದರೆ ಇನ್ನೊಂದು ಹಾಳೆ ಮೇಲೆ ಹಾಕು. ಆಮೇಲೆ ಮತ್ತೊಂದು. ಜೋರಾಗಿ ಒತ್ತಿ ನೋಡು, ಕೂದಲು ಮಾಯವಾಗುತ್ತೆ. ಹಗುರ ಮಾಡಿದರೆ ಮತ್ತೆ ಸಿಗುತ್ತೆ. ಇದನ್ನು ಮಾಡಿದ ದಿನ ನಿನಗೆ ಗೊತ್ತಾಗುತ್ತೆ, ಜೋರಾಗಿ ಒತ್ತುವವರಿಗೆ ಒಳಗೆ ಏನಿದೆ ಅಂತ ಯಾಕೆ ತಿಳಿಯಲ್ಲ ಅಂತ.

ಮಸಾಜ್‌ನ ಐದು ಬಗೆಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನೀವುವುದು, ಹಿಟ್ಟು ನಾದಿದ ಹಾಗೆ ಹಿಚುಕುವುದು, ಒಂದೇ ಕಡೆ ಉಜ್ಜುವುದು, ತಟ್ಟುವುದು, ಅದುರಿಸುವುದು. ಕ್ಲಾಸಿನಲ್ಲಿ ಕಲಿಸುತ್ತಾರೆ, ಕೈಗೆ ಬೇಗ ಬರುತ್ತೆ. ಈ ಐದೂ ಸೇರಿದ ಸ್ವೀಡಿಷ್ ಮಸಾಜ್‌ನ ಹೆಸರು ಬಂದಾಗಲೆಲ್ಲ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಹೆಸರು ಹೇಳುತ್ತಾರೆ. ಅವರು 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕಟ್ಟಿದ್ದು ವ್ಯಾಯಾಮದ ಶಾಲೆ. ಈ ಬಗೆಗಳನ್ನು ಹೀಗೆ ವಿಂಗಡಿಸಿ ಹರಡಿದ್ದು ಯೊಹಾನ್ ಮೆಜ್ಗರ್ ಎಂಬ ಡಚ್ ವೈದ್ಯ ಅಂತ ಇತಿಹಾಸ ಕೆದಕಿದವರು ಹೇಳುತ್ತಾರೆ. ಪರೀಕ್ಷೆಯಲ್ಲಿ ಬಂದರೆ ಇರಲಿ ಅಂತ ಬರೆದೆ.

ನಿನ್ನ ಕೋರ್ಸ್ ಉದ್ದ ಆಯಿತು ಅಂದೆಯಲ್ಲ, ಬೇರೆ ಕಡೆ ಹೇಗಿದೆ ಅಂತ ಕೇಳಿಸಿಕೋ. ಅಮೆರಿಕದ ಹಲವು ರಾಜ್ಯಗಳಲ್ಲಿ ಲೈಸೆನ್ಸ್‌ಗೆ 500 ಗಂಟೆಯಾದರೂ ಕಲಿತಿರಬೇಕು, ನ್ಯೂಯಾರ್ಕ್‌ನಲ್ಲಿ 1000 ಗಂಟೆ. ಜಪಾನ್‌ನಲ್ಲಿ ಮೂರು ವರ್ಷ ಓದಿ, ದೇಶದ ಮಟ್ಟದ ಪರೀಕ್ಷೆ ಪಾಸಾಗಬೇಕು. ಅಲ್ಲಿ ಕಣ್ಣು ಕಾಣದವರು ಶತಮಾನಗಳಿಂದ ಈ ವೃತ್ತಿಯಲ್ಲಿ ಹೆಸರು ಮಾಡಿದ್ದಾರೆ. ಎರಡು ದಿನದ ವರ್ಕ್‌ಶಾಪ್ ಮುಗಿಸಿ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕುವವರನ್ನು ಕಂಡರೆ ನನಗೆ ಕೋಪ ಬರುತ್ತೆ, ಈಗಲೂ.

ಇನ್ನು, ಮುಟ್ಟಬಾರದ ಸಂದರ್ಭಗಳು. ಇದನ್ನು ನಿಧಾನವಾಗಿ ಓದು. ಜ್ವರ ಇದ್ದರೆ, ಅಂಟುವ ಚರ್ಮರೋಗ ಇದ್ದರೆ ಅವತ್ತು ಬೇಡ. ಗಾಯ, ಹೊಸದಾಗಿ ಮುರಿದ ಮೂಳೆ, ಉಬ್ಬಿದ ರಕ್ತನಾಳ ಇದ್ದರೆ ಆ ಜಾಗ ಬಿಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಜೋರಾಗಿ ಒತ್ತಿದರೆ ಚರ್ಮದ ಕೆಳಗೆ ರಕ್ತ ಕಟ್ಟುತ್ತೆ. ತುಂಬು ಬಸುರಿಯನ್ನು ಬೋರಲು ಮಲಗಿಸಬಾರದು, ದಿಂಬು ಕೊಟ್ಟು ಪಕ್ಕಕ್ಕೆ ಮಲಗಿಸು. ಕ್ಯಾನ್ಸರ್ ಇದ್ದವರಿಗೆ ಮಸಾಜ್ ಮಾಡಿದರೆ ರೋಗ ಹರಡುತ್ತೆ ಅನ್ನುವ ಮಾತಿಗೆ ಆಧಾರ ಇಲ್ಲ. ಆದರೆ ಅವರ ವೈದ್ಯರನ್ನು ಕೇಳದೆ ಮಾಡಬೇಡ. ಗಡ್ಡೆ ಇರುವ ಜಾಗ ಮುಟ್ಟಬೇಡ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಒಂದೇ ಕಾಲಿನ ಊತದ್ದು. ದೂರ ಪ್ರಯಾಣ ಮುಗಿಸಿ ಒಬ್ಬರು ಬಂದಿದ್ದರು. "ಮೀನಖಂಡ ಹಿಡ್ಕೊಂಡಿದೆ, ಚೆನ್ನಾಗಿ ಒತ್ತಿಬಿಡಿ" ಅಂದರು. ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡಿದೆ. ಎಡಗಾಲು ದಪ್ಪಗಾಗಿ ಚರ್ಮ ಬಿಗಿದು ಹೊಳೆಯುತ್ತಿತ್ತು. ಕೈ ಹಿಂಬದಿ ತಾಗಿಸಿದರೆ ಆ ಕಾಲು ಇನ್ನೊಂದಕ್ಕಿಂತ ಬಿಸಿ. ನಾನು ಕೈ ತೆಗೆದೆ. ಕಾಲಿನ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಹೀಗೇ ಕಾಣುತ್ತೆ. ತುಂಬಾ ಹೊತ್ತು ಅಲ್ಲಾಡದೆ ಕೂತವರಿಗೆ, ಆಪರೇಷನ್ ಆಗಿ ಹಾಸಿಗೆ ಹಿಡಿದವರಿಗೆ ಇದು ಬರಬಹುದು. ಒತ್ತಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡು ಜೀವಕ್ಕೇ ಅಪಾಯ ಆದೀತು. "ಈಗಲೇ ಆಸ್ಪತ್ರೆಗೆ ಹೋಗಿ" ಅಂದೆ. ಅವರಿಗೆ ಸಿಟ್ಟು ಬಂತು, ಎದ್ದು ಹೋದರು. ಆಮೇಲೆ ನನ್ನ ಹತ್ತಿರ ಬರಲೇ ಇಲ್ಲ. ಅದು ಹೆಪ್ಪೇ ಆಗಿತ್ತೋ ಅಲ್ಲವೋ, ರೋಗ ಹೇಳುವುದು ನಮ್ಮ ಕೆಲಸ ಅಲ್ಲ. ಅನುಮಾನ ಬಂದಾಗ ಕೈ ತೆಗೆಯುವುದು ನಮ್ಮ ಕೆಲಸ. ಅವತ್ತಿನ ಫೀಸ್ ಹೋಯಿತು ಅಂತ ಯೋಚಿಸಬೇಡ.

ಇನ್ನೊಂದು ಥರದ "ಇಲ್ಲ" ಕೂಡ ಕಲಿಯಬೇಕು. ಮಸಾಜ್ ಅಂದರೆ ಮೂಗು ಮುರಿಯುವವರು, ಅಡ್ಡ ಮಾತಾಡುವವರು ಇದ್ದೇ ಇರುತ್ತಾರೆ. ಅವರ ಜೊತೆ ವಾದ ಬೇಡ. ಆದರೆ ಟೇಬಲ್ ಮೇಲೆ ಮಲಗಿದವರು ಅಡ್ಡದಾರಿ ಹಿಡಿದರೆ, ಮಾತಿನಲ್ಲಾಗಲಿ ಕೈಯಲ್ಲಾಗಲಿ, ಸೆಷನ್ ಅಲ್ಲಿಗೇ ಮುಗಿಯಿತು. "ಇಲ್ಲಿಗೆ ನಿಲ್ಲಿಸುತ್ತಿದ್ದೇನೆ" ಅಂತ ಹೇಳಿ ಹೊರಗೆ ಬಾ. ಕಾರಣ ವಿವರಿಸಬೇಕಾಗಿಲ್ಲ, ನಗುತ್ತಾ ತೇಲಿಸಬೇಕಾಗಿಯೂ ಇಲ್ಲ. ಆ ಕೂಡಲೇ ಮೇಲಿನವರಿಗೆ ತಿಳಿಸು, ನಡೆದದ್ದನ್ನು ಬರೆದಿಡು. ಅದನ್ನು ಸಣ್ಣ ವಿಷಯ ಅನ್ನುವ ಜಾಗದಲ್ಲಿ ಕೆಲಸ ಮಾಡಬೇಡ.

ನಮ್ಮ ಕಡೆಯಿಂದಲೂ ಅಷ್ಟೇ ಕಟ್ಟುನಿಟ್ಟು ಬೇಕು. ಅವರು ಬಟ್ಟೆ ಬದಲಿಸುವಾಗ ನೀನು ಕೋಣೆಯ ಹೊರಗಿರಬೇಕು, ಒಳಗೆ ಬರುವ ಮೊದಲು ಬಾಗಿಲು ತಟ್ಟಬೇಕು. ಯಾವ ಭಾಗಕ್ಕೆ ಕೆಲಸ ಮಾಡುತ್ತೀಯೋ ಅಷ್ಟೇ ಹೊದಿಕೆ ಸರಿಸು, ಮಿಕ್ಕಿದ್ದು ಮುಚ್ಚಿರಲಿ. ಎಲ್ಲಿ ಮುಟ್ಟುತ್ತೀಯ ಅಂತ ಮೊದಲೇ ಹೇಳಿ ಒಪ್ಪಿಗೆ ಕೇಳು. ಒಪ್ಪಿದವರು ನಡುವೆ ಬೇಡ ಅಂದರೂ ಅದೇ ಕೊನೆ ಮಾತು. ಎಣ್ಣೆ ಹಚ್ಚುವ ಮೊದಲು ಅಲರ್ಜಿ ಕೇಳು, ಬಾದಾಮಿ ಎಣ್ಣೆ ಆಗದವರು ಇರುತ್ತಾರೆ. ಒತ್ತಡ ಸರಿಯಾ ಅಂತ ಕೇಳಿದರೆ ಬಹಳ ಜನ ಮುಲಾಜಿಗೆ "ಸರಿ ಇದೆ" ಅನ್ನುತ್ತಾರೆ. ಅವರ ಕಾಲ್ಬೆರಳು ನೋಡು. ಬೆರಳು ಮುದುರಿಕೊಂಡಿದ್ದರೆ, ಉಸಿರು ನಿಂತಿದ್ದರೆ, ಬಾಯಿ ಏನೇ ಹೇಳಲಿ, ನೋಯುತ್ತಿದೆ ಅಂತಲೇ ಲೆಕ್ಕ. ನೋವಾದಷ್ಟೂ ಗುಣ ಜಾಸ್ತಿ ಅನ್ನುವುದು ಸುಳ್ಳು. ನೋವಾದರೆ ಸ್ನಾಯು ಇನ್ನೂ ಬಿಗಿಯಾಗುತ್ತದೆ.

ಸುಳ್ಳು ಅಂದಾಗ ನೆನಪಾಯಿತು. "ಮಸಾಜ್ ಮಾಡಿದರೆ ಮೈಯಲ್ಲಿರುವ ವಿಷ ಹೊರಗೆ ಹೋಗುತ್ತೆ" ಅಂತ ನಿನ್ನ ನೋಟ್ಸ್ ಫೋಟೋದಲ್ಲಿ ಕಂಡೆ. ಯಾರೇ ಹೇಳಿಕೊಟ್ಟಿರಲಿ, ಕ್ಲೈಂಟ್‌ಗೆ ಹೇಳಬೇಡ. ಆ ಕೆಲಸ ಮಾಡೋದಕ್ಕೆ ಪಿತ್ತಜನಕಾಂಗ, ಮೂತ್ರಪಿಂಡ ಇವೆ. ವ್ಯಾಯಾಮ ಮಾಡುವಾಗ ಸ್ನಾಯುವಿನಲ್ಲಿ ಸೇರುವ ಲ್ಯಾಕ್ಟಿಕ್ ಆಸಿಡ್ ಅನ್ನು ಮಸಾಜ್ ಹೊರಹಾಕುತ್ತೆ ಅನ್ನುವ ಕಥೆಯೂ ಅಷ್ಟೇ. ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ಅದನ್ನು ದೇಹವೇ ಬಳಸಿ ಮುಗಿಸಿರುತ್ತದೆ. ಮಾರನೇ ದಿನದ ಮೈಕೈ ನೋವಿಗೆ ಅದು ಕಾರಣ ಅಲ್ಲ. ಹಾಗಾದರೆ ನಾವು ಮಾಡುವುದಾದರೂ ಏನು? 2015ರಲ್ಲಿ, ಚಿಕಿತ್ಸೆಗಳ ಪುರಾವೆ ಒಟ್ಟುಮಾಡಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯವರು ಸೊಂಟನೋವಿಗೆ ಮಸಾಜ್ ಬಗ್ಗೆ 25 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸ್ವಲ್ಪ ಕಾಲದ ಮಟ್ಟಿಗೆ ನೋವು ಇಳಿಯುತ್ತೆ, ಆದರೆ ಪುರಾವೆ ಅಷ್ಟು ಗಟ್ಟಿಯಿಲ್ಲ ಅಂತ ಬರೆದರು. ಓದಿ ನನಗೇನೂ ಬೇಸರ ಆಗಲಿಲ್ಲ. ನೋವಿನಲ್ಲಿರುವ ಮನುಷ್ಯನಿಗೆ ಎರಡು ದಿನ ಚೆನ್ನಾಗಿ ನಿದ್ದೆ ಬಂದರೆ ಅದೇನು ಕಡಿಮೆಯಾ? ಅಷ್ಟನ್ನೇ ಹೇಳು. ಇಲ್ಲದ್ದನ್ನು ಸೇರಿಸಿ ಹೇಳಿದರೆ ಇರುವುದನ್ನೂ ನಂಬುವುದಿಲ್ಲ.

ಪ್ರತಿ ಸೆಷನ್ ಆದಮೇಲೆ ನೋಟ್ಸ್ ಬರೆ. ಅವರು ಏನು ಹೇಳಿದರು, ನಿನಗೇನು ಕಂಡಿತು, ನಿನ್ನ ಅಂದಾಜೇನು, ಮುಂದಿನ ಸಲ ಏನು ಮಾಡಬೇಕು. ನಾಲ್ಕೇ ಸಾಲು ಸಾಕು. ಇನ್ನೊಂದು, ಯಾರೂ ಹೇಳಿಕೊಡದ ವಿಷಯ: ಎಣ್ಣೆ ಹಿಡಿದ ಟವೆಲ್‌ಗಳನ್ನು ಡ್ರೈಯರ್‌ನಿಂದ ಬಿಸಿಬಿಸಿಯಾಗಿ ತೆಗೆದು ರಾಶಿ ಹಾಕಿ ಬಿಡಬೇಡ. ಉಳಿದ ಎಣ್ಣೆ ತನ್ನಷ್ಟಕ್ಕೇ ಕಾದು ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಆರಿಸಿ ಆಮೇಲೆ ಮಡಚು.

ಕೋರ್ಸ್ ಮುಗಿದ ಮೇಲೆ ದಿನಕ್ಕೆ ಏಳೆಂಟು ಜನರನ್ನು ನೋಡು ಅನ್ನುವ ಕೆಲಸ ಸಿಕ್ಕರೆ ಒಪ್ಪಿಕೊಳ್ಳಬೇಡ. ನನ್ನ ಲೆಕ್ಕದಲ್ಲಿ ನಾಲ್ಕು, ಹೆಚ್ಚೆಂದರೆ ಐದು. ನಡುವೆ ಕಾಲು ಗಂಟೆಯಾದರೂ ಬಿಡುವು ಇರಲಿ. ಶುರುವಿನಲ್ಲಿ ದುಡ್ಡು ಕಡಿಮೆ ಬರುತ್ತೆ, ಗೊತ್ತು. ಅದನ್ನು ಆಮೇಲೆ ಮಾತಾಡೋಣ.

ಸದ್ಯಕ್ಕೆ ಈ ವಾರ ಹೆಬ್ಬೆರಳಿಗೆ ಪೂರ್ತಿ ರಜೆ ಕೊಡು. ಕ್ಲಾಸಿನಲ್ಲಿ ಮುಂದೋಳಿನಲ್ಲೇ ಮಾಡುತ್ತೇನೆ ಅಂತ ಮೇಷ್ಟ್ರಿಗೆ ಹೇಳು. ವಾರ ಕಳೆದರೂ ಬಾಟಲಿ ಮುಚ್ಚಳ ತಿರುಗಿಸುವಾಗ ನೋಯುತ್ತಿದ್ದರೆ ವೈದ್ಯರಿಗೆ ತೋರಿಸು, ಮುಂದೂಡಬೇಡ. ನೀನು ನಿಲ್ಲುವ ಭಂಗಿಯನ್ನು ಪಕ್ಕದಿಂದ ಯಾರ ಹತ್ತಿರವಾದರೂ ವಿಡಿಯೋ ಮಾಡಿಸಿ ಕಳಿಸು. ಮುಖ ಬೇಡ, ಕಾಲಿನಿಂದ ಭುಜದವರೆಗೆ ಪೂರ್ತಿ ಕಾಣಬೇಕು. ಟೇಬಲ್ ಮಾತ್ರ ಈಗಲೇ ಕೊಳ್ಳಬೇಡ. ಕೊಳ್ಳುವಾಗ ಎತ್ತರ ಬದಲಿಸಲು ಬರುವ ಕಾಲುಗಳು ಇರುವುದನ್ನೇ ನೋಡೋಣ.

ನಿನ್ನ ಅಮ್ಮ